ಡೋನರ್ ಗಾಡಿ ಕಣ್ಣಾರೆ ನೋಡುವ ತನಕ ದುಡ್ಡು ಕೊಡಬೇಡಿ

ಹುಬ್ಬಳ್ಳಿಯಲ್ಲಿ ಯಾರಾದರೂ "ಆರ್‌ಎಸ್ ಡೋನರ್ ಗಾಡಿ ಸಿಕ್ಕೈತ್ರಿ, ಅಡ್ವಾನ್ಸ್ ಹಾಕ್ರಿ" ಅಂದರೆ ಒಂದು ರೂಪಾಯಿಯನ್ನೂ ಹಾಕಬೇಡಿ. ಡೋನರ್ ಅಂದರೆ ಇಂಜಿನ್, ಬಿಡಿಭಾಗ ಬಿಚ್ಚಿ ನಮ್ಮ ಗಾಡಿಗೆ ಹಾಕಿಕೊಳ್ಳಲು ಕೊಳ್ಳುವ ಇನ್ನೊಂದು ಗಾಡಿ. ಅದು ಎಲ್ಲಿದೆ ಅಂತ ಕೇಳಿ. ಹೋಗಿ ನೋಡಿ. ನಾನು ಹೋಗಲಿಲ್ಲ. 3,42,000 ರೂಪಾಯಿ ಹೋಯಿತು. ಚೆನ್ನಾಗಿ ಓಡುತ್ತಿದ್ದ ಕಾರೂ ಹೋಯಿತು. ಮನೆಯಲ್ಲಿ ಪೂರ್ತಿ ಮೊತ್ತ ಇನ್ನೂ ಹೇಳಿಲ್ಲ, ಹೇಳುವ ಮುಖ ಇಲ್ಲ.

ನನ್ನದು ಗದಗಿನ ಕೆಎ-26 ನಂಬರಿನ ಸ್ಕೋಡಾ ಆಕ್ಟೇವಿಯಾ ಕಾಂಬಿ, ಅಂದರೆ ಹಿಂದೆ ಉದ್ದ ಡಿಕ್ಕಿ ಇರುವ ಸ್ಟೇಷನ್ ವ್ಯಾಗನ್. 1.9 ಟಿಡಿಐ ಡೀಸೆಲ್, 90 ಎಚ್‌ಪಿ. ಹಳೆ ಗಾಡಿ, ಆದರೆ ಗಟ್ಟಿ. ಹಿಂದಿನ ಸೀಟು ಮಡಚಿದರೆ ಮನೆ ಸಾಮಾನೆಲ್ಲ ಹಿಡಿಸುತ್ತಿತ್ತು. 2004ರಲ್ಲಿ ಇಲ್ಲಿಗೆ ಬಂದ ಆಕ್ಟೇವಿಯಾ ಆರ್‌ಎಸ್ ನಿಮಗೆ ನೆನಪಿರಬಹುದು. 1.8 ಟರ್ಬೊ ಪೆಟ್ರೋಲ್, 20 ವಾಲ್ವ್, 150 ಎಚ್‌ಪಿ. ಎರಡೂ ಗಾಡಿಯ ತಳ ಒಂದೇ. ಆ ಇಂಜಿನ್, ಗೇರ್‌ಬಾಕ್ಸ್, ಬ್ರೇಕು ತಂದು ನನ್ನ ಕಾಂಬಿಗೆ ಕೂಡಿಸಬೇಕು. ಇದು ನನ್ನ ಎಷ್ಟೋ ವರ್ಷದ ಆಸೆ. ಆಸೆ ತಪ್ಪಲ್ಲ, ಈಗಲೂ ಹಾಗೇ ಅನ್ನುತ್ತೇನೆ. ಕೈಕೊಟ್ಟ ಆಳು ತಪ್ಪು.

ಗ್ಯಾರೇಜಿನವನ ಹೆಸರು ಬರೆಯುವುದಿಲ್ಲ. ಪುಣೆಯಲ್ಲಿ ಆಕ್ಸಿಡೆಂಟ್ ಆದ ಆರ್‌ಎಸ್ ಇದೆ, ಪೂರ್ತಿ ಗಾಡಿನೇ ತರಿಸುತ್ತೇನೆ ಅಂದ. "ಪೂರ್ತಿ ಗಾಡಿ" ಅಂತ ಮೂರು ಸಲ ಹೇಳಿದ. 1,50,000 ಹಾಕಿದೆ. ಎರಡು ತಿಂಗಳ ಮೇಲೆ ಬಂದಿದ್ದು ಟೆಂಪೋದಲ್ಲಿ ಒಂದು ಇಂಜಿನ್, ಗೇರ್‌ಬಾಕ್ಸ್, ನಾಲ್ಕು ಗೋಣಿ ಚೀಲ. ಗಾಡಿ ಎಲ್ಲಿ ಅಂದೆ. "ಬಾಡಿ ತಂದು ಏನ್ ಮಾಡ್ತೀರಿ ಸರ, ಸುಮ್ನ ಬಾಡಿಗಿ ದಂಡ." ಹೌದಲ್ವಾ ಅನ್ನಿಸಿತು. ಅಲ್ಲೇ ನಾನು ಕೆಟ್ಟೆ. ಮತ್ತೆ 90,000 ಕೊಟ್ಟೆ. ಕೂಡಿಸುವ ಕೂಲಿ ಅಂತ 60,000 ಕೊಟ್ಟೆ.

ಆಮೇಲೆ ಭಾನುವಾರ ಭಾನುವಾರ ಗದಗಿನಿಂದ ಬಸ್ಸು. ಅಣ್ಣಿಗೇರಿ ದಾಟುವಾಗೆಲ್ಲ ಇವತ್ತು ಸ್ಟಾರ್ಟ್ ಆಗುತ್ತದೆ ಅಂದುಕೊಳ್ಳುತ್ತಿದ್ದೆ. ಒಂದಿನ ಆಯಿತು. ಆ ಸದ್ದು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಎರಡು ಸೆಕೆಂಡು. ಆಫ್. ಮತ್ತೆ ಕೀ ತಿರುಗಿಸಿದ. ಎರಡು ಸೆಕೆಂಡು, ಆಫ್.

"ಪಂಪ್ ವೀಕ್ ಐತ್ರಿ" ಅಂದ. ಡೀಸೆಲ್ ಟ್ಯಾಂಕಿನಲ್ಲಿ ಪೆಟ್ರೋಲ್ ಪಂಪ್ ಇರುವುದಿಲ್ಲ, ಹೊಸದಾಗಿ ಹಾಕಿದ್ದ, ಅದಕ್ಕೆ ನಂಬಿದೆ. 17,000. ಎರಡು ಸೆಕೆಂಡು, ಆಫ್. "ಕಾಯಿಲ್ ಹೋಗ್ಯಾವ್ರಿ." ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ನಾಲ್ಕು, 14,000. ಎರಡು ಸೆಕೆಂಡು, ಆಫ್. "ಸೆನ್ಸರ್ ಇರಬೇಕ್ರಿ." 11,000. ಮತ್ತೆ ಅದೇ. ಐದು ತಿಂಗಳು ಇದೇ. ಫೋನ್ ಮಾಡಿದರೆ "ಸರ್ರ, ಟೆನ್ಶನ್ ತಗೋಬ್ಯಾಡ್ರಿ, ಇದು ಫಾರಿನ್ ಇಂಜಿನ್ ಐತಿ, ಟೈಮ್ ಹಿಡಿತೈತಿ."

ಕೊನೆಗೆ ಧಾರವಾಡದ ಗೆಳೆಯರೊಬ್ಬರನ್ನು ಗಾಡಿಯ ದೋಷ ಓದುವ ಸ್ಕ್ಯಾನರ್ ಸಮೇತ ಕರೆದುಕೊಂಡು ಹೋದೆ. ಐದು ನಿಮಿಷ ಆಗಲಿಲ್ಲ. ಕೋಡ್ 17978. ಅಂದರೆ ಕಳ್ಳತನ ತಡೆಯಲು ಇರುವ ಇಮೊಬಿಲೈಸರ್ ಇಂಜಿನ್ನನ್ನು ತಡೆದಿದೆ. ಈ ಗಾಡಿಗಳಲ್ಲಿ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಮೀಟರ್, ಕೀ ಮೂರೂ ಒಂದಕ್ಕೊಂದು ಜೋಡಿ. ಬೇರೆ ಗಾಡಿಯ ಇಸಿಯು ತಂದು ನನ್ನ ಮೀಟರಿಗೆ, ನನ್ನ ಕೀಗೆ ಕಟ್ಟಿದರೆ ಇಂಜಿನ್ ಹತ್ತಿ ಎರಡೇ ಸೆಕೆಂಡಿನಲ್ಲಿ ಆರುತ್ತದೆ. ಪಂಪೂ ಅಲ್ಲ, ಕಾಯಿಲೂ ಅಲ್ಲ. ಮೀಟರಿನಲ್ಲಿ ಇಮೊಬಿಲೈಸರ್ ಲೈಟು ಅಷ್ಟು ದಿನವೂ ಮಿನುಗುತ್ತಿತ್ತು, ನನಗೂ ಕಾಣುತ್ತಿತ್ತು! ಡೋನರ್ ಮೀಟರ್, ಕೀ ಎಲ್ಲಿ ಅಂದೆವು. "ಅದು ನಮಗ ಬಂದಿಲ್ರಿ." ಅವನು ಆ ಗಾಡಿ ನೋಡೇ ಇರಲಿಲ್ಲ. ಗುಜರಿಯಿಂದ ಬಿಡಿಬಿಡಿಯಾಗಿ ತಂದಿದ್ದ. ವೈರಿಂಗ್ ಅನ್ನು ನಡುವೆ ಕತ್ತರಿಸಿ ಟೇಪ್ ಸುತ್ತಿದ್ದು ಆಗ ಕಂಡಿತು.

ಅಷ್ಟಕ್ಕೇ ಮುಗಿಯಲಿಲ್ಲ. ಗೆಳೆಯರು ಟಾರ್ಚ್ ಹಿಡಿದು ಇಂಜಿನ್ ನಂಬರ್ ಹುಡುಕಿದರು. ಬೆಲ್ಟ್ ಕವರಿನ ಮೇಲೆ ನಂಬರಿನ ಸ್ಟಿಕ್ಕರ್ ಇತ್ತು. ನಾನು ಅದರ ಫೋಟೋ ನೋಡಿಯೇ ದುಡ್ಡು ಕೊಟ್ಟಿದ್ದೆ. ಸ್ಟಿಕ್ಕರ್ ಯಾವ ಕವರಿನ ಮೇಲೆ ಬೇಕಾದರೂ ಬರಬಹುದು. ಬ್ಲಾಕ್ ಮೇಲೆ, ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಕೊರೆದ ನಂಬರ್ ಇರಬೇಕು. ಅಲ್ಲಿ ಗ್ರೈಂಡರ್ ಹೊಡೆದು ನುಣ್ಣಗೆ ಮಾಡಿದ್ದರು. ನನ್ನ ಕೈ ತಣ್ಣಗಾಯಿತು. ಇದು ಕಳ್ಳಮಾಲೋ ಏನೋ, ಯಾರಿಗೆ ಗೊತ್ತು?

ಕೇಳಿದೆ. "ಹಳೇ ಇಂಜಿನ್ ಐತ್ರಿ, ತುಕ್ಕು ಹಿಡದಿತ್ತು, ತಿಕ್ಕೀವಿ." ಆರ್‌ಟಿಓ ಅಂದೆ. "ಅದರ ಚಿಂತಿ ನನಗ ಬಿಡ್ರಿ." ಹೇಗೆ ಬಿಡಲಿ? ಆರ್‌ಸಿಯಲ್ಲಿ ಡೀಸೆಲ್, 1896 ಸಿಸಿ. ಬೋನೆಟ್ ಕೆಳಗೆ ಪೆಟ್ರೋಲ್, 1781. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೇ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಇದನ್ನೆಲ್ಲ ಮೊದಲೇ ಓದಬೇಕಿತ್ತು, ದುಡ್ಡು ಕೊಟ್ಟ ಮೇಲೆ ಓದಿದೆ. ನನ್ನ ಗಾಡಿಯ ಎಫ್‌ಸಿ ನವೀಕರಣ ಬಂದಿದೆ. ನಂಬರೇ ಇಲ್ಲದ ಇಂಜಿನ್ ಯಾರಿಗೆ ತೋರಿಸಲಿ?

ಸರಿ, ನನ್ನ ಡೀಸೆಲ್ ಇಂಜಿನ್ ವಾಪಸ್ ಕೊಡು, ಅದನ್ನೇ ಕೂಡಿಸಿಕೊಂಡು ಹೋಗುತ್ತೇನೆ ಅಂದೆ. ಅವನು ನಕ್ಕ. "ಅದು ಯಾವಾಗೋ ಹೋತಲ್ರಿ. ಹಳೇ ಇಂಜಿನ್ ಲೆಕ್ಕ ಯಾರ್ ಇಡ್ತಾರ್ರಿ?" ಒಂದು ಹನಿ ಎಣ್ಣೆ ಸೋರದ ಇಂಜಿನ್ ಅದು. ನನ್ನನ್ನು ಒಂದು ಮಾತು ಕೇಳದೆ ಮಾರಿದ್ದ. ದುಡ್ಡಿನ ಸಿಟ್ಟು ಇಳಿಯಬಹುದು, ಆ ನಗು ನನಗೆ ಮರೆಯುವುದಿಲ್ಲ.

ಪೊಲೀಸ್ ಸ್ಟೇಷನ್ನಿಗೆ ಹೋದೆ. ಬಿಲ್ ಕೇಳಿದರು. ನನ್ನ ಹತ್ತಿರ ಇರುವುದು ಫೋನ್‌ಪೇ ರಶೀದಿ, ಅವನ ವಾಯ್ಸ್ ಮೆಸೇಜು ಅಷ್ಟೇ. ಅರ್ಜಿ ಕೊಟ್ಟು ಬಂದಿದ್ದೇನೆ.

ಹೀಗೆ ಇಂಜಿನ್ ಬದಲಾಯಿಸುವವರು ಮೊದಲು ಆರ್‌ಟಿಓಗೆ ಹೋಗಿ ಬರವಣಿಗೆಯಲ್ಲಿ ಕೇಳಿ. ಡೋನರ್ ಗಾಡಿ ಇಡಿಯಾಗಿ, ಆರ್‌ಸಿ, ಕೀ, ಮೀಟರ್ ಸಮೇತ ನಿಮ್ಮ ಕಣ್ಣ ಮುಂದೆ ನಿಂತು ಸ್ಟಾರ್ಟ್ ಆಗಬೇಕು. ಬ್ಲಾಕ್ ನಂಬರ್ ನೀವೇ ಬಗ್ಗಿ ಓದಿ. ಬಿಚ್ಚಿದ ಇಂಜಿನ್ ಅದೇ ದಿನ ಮನೆಗೆ ತನ್ನಿ.

ಇನ್ನೊಂದು. ಹುಬ್ಬಳ್ಳಿ, ಹಾವೇರಿ ಕಡೆ ಯಾರಿಗಾದರೂ 1.9 ಟಿಡಿಐ ಇಂಜಿನ್ ಅಗ್ಗಕ್ಕೆ ಕೊಡುತ್ತೇವೆ ಅಂದರೆ ಆಲ್ಟರ್ನೇಟರ್ ಬ್ರ್ಯಾಕೆಟ್ ನೋಡಿ. ಬೆಟಗೇರಿಯ ಲೇತಿನಲ್ಲಿ ಬೆಸುಗೆ ಹಾಕಿಸಿದ ಎರಡು ಗೆರೆ ಇದ್ದರೆ ಅದು ನನ್ನದು. ಕೊಳ್ಳಬೇಡಿ, ನನಗೆ ಒಂದು ಮಾತು ತಿಳಿಸಿ.