ಟೂರಿಂಗ್ ಸೈಕಲ್ ಚೆನ್ನಾಗಿದೆ, ಗೇರ್ ಒಂದನ್ನು ಬಿಟ್ಟು

ಮುಂದೆ, ಪೆಡಲ್ ಪಕ್ಕದ ಎರಡು ರಿಂಗ್‌ಗಳಿಗೆ 50 ಮತ್ತು 34 ಹಲ್ಲು. ಹಿಂದೆ, ಚಕ್ರದ ಗೇರ್‌ಗಳಿಗೆ 11ರಿಂದ 32 ಹಲ್ಲು. ‘ಟೂರಿಂಗ್’, ಅಂದರೆ ಸಾಮಾನು ಹೇರಿಕೊಂಡು ದೂರ ಹೋಗಲು, ಅಂತ ದೊಡ್ಡದಾಗಿ ಬರೆದು ಮಾರುವ ಸೈಕಲ್‌ಗೆ ಈ ಹಲ್ಲುಗಳನ್ನು ಆರಿಸಿದವರು ಯಾರೋ ಗೊತ್ತಿಲ್ಲ. 20 ಕೆಜಿ ಸಾಮಾನು ಹೇರಿಕೊಂಡು ಬೆಟ್ಟ ಹತ್ತಿದವರಂತೂ ಅಲ್ಲ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಬೆಲೆಗೆ ಸಿಗುವ ಬೇರೆಯವರ ಸೈಕಲ್‌ಗಳಲ್ಲೂ ಇದೇ ಕತೆ ನೋಡಿದ್ದೇನೆ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಟೀಲ್ ಫ್ರೇಮ್, ಭಾರ ಇದೆ. ಆದರೆ ಕಲ್ಲುರಸ್ತೆಯಲ್ಲಿ ಮೈ ಕುಲುಕುವುದು ಕಡಿಮೆ. 35 ಎಂಎಂ ಟೈರ್, ಅದಕ್ಕಿಂತ ದಪ್ಪದ್ದು ಹಾಕಲೂ ಜಾಗ ಇದೆ. ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್. ಗೇರ್ ಲಿವರ್‌ಗಳು ಹ್ಯಾಂಡಲ್ ತುದಿಯಲ್ಲಿವೆ. ಮಿಕ್ಕ ವಿವರ ನೀವು ನೋಡಿಯೇ ಇರುತ್ತೀರಿ.

ಬೆಂಗಳೂರಿನಲ್ಲಿ ಇರುವಷ್ಟು ದಿನ ಈ ತೊಂದರೆ ಗೊತ್ತೇ ಆಗುವುದಿಲ್ಲ. ನಂದಿ ಬೆಟ್ಟಕ್ಕೆ ಬರಿಗೈಯಲ್ಲಿ ಹೋಗಿ ಬರುತ್ತೇವೆ. ಆಗುಂಬೆಯಲ್ಲಿ ಸಾಮಾನು ಇದ್ದರೂ 14 ತಿರುವು ಹಲ್ಲು ಕಚ್ಚಿ ತುಳಿದರೆ ಮುಗಿಯಿತು, ಮೇಲೆ ಟೀ ಅಂಗಡಿ ಸಿಗುತ್ತೆ. ಹಿಮಾಚಲದ ಮನಾಲಿಯಿಂದ ರೋಹ್ತಾಂಗ್ ಪಾಸ್‌ಗೆ ಹತ್ತುವುದು ಹಾಗಲ್ಲ. ಸುಮಾರು 50 ಕಿಲೋಮೀಟರ್, ಹೆಚ್ಚುಕಡಿಮೆ 1,900 ಮೀಟರ್ ಏರು. 3,978 ಮೀಟರಿನ ಆ ತುದಿಯಲ್ಲಿ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ. 60ರಷ್ಟು ಮಾತ್ರ. ಹಲ್ಲು ಕಚ್ಚಿ ತುಳಿಯೋಣ ಅಂದರೆ ಕಾಲು ಒಪ್ಪಿದರೂ ಶ್ವಾಸಕೋಶ ಒಪ್ಪುವುದಿಲ್ಲ.

ಲೆಕ್ಕ ಸುಲಭ. ಮುಂದೆ ಹಲ್ಲು ಕಡಿಮೆ, ಹಿಂದೆ ಜಾಸ್ತಿ ಇದ್ದಷ್ಟೂ ತುಳಿಯುವುದು ಹಗುರ. ಮುಂದೆ 34, ಹಿಂದೆ 32 ಇದ್ದರೆ ಪೆಡಲ್ ಒಂದು ಸುತ್ತು ತಿರುಗುವಷ್ಟರಲ್ಲಿ ಸೈಕಲ್ ಸುಮಾರು 2.3 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 8 ಕಿಲೋಮೀಟರ್. ಖಾಲಿ ಸೈಕಲ್‌ಗೆ ಅದು ಏನೂ ಅಲ್ಲ. ಸಾಮಾನು, ಏರು, ತೆಳು ಗಾಳಿ ಮೂರೂ ಸೇರಿದರೆ ನನ್ನಂಥ ಸಾಧಾರಣ ಕಾಲಿಗೆ 8 ಆಗುವುದಿಲ್ಲ. ಆಗ ನಿಮಿಷಕ್ಕೆ 35-40 ಸುತ್ತಿಗೆ ಇಳಿದು, ಒಂದೊಂದು ತುಳಿತಕ್ಕೂ ಮೈಭಾರ ಪೂರ್ತಿ ಹಾಕಬೇಕು. ಸಂಜೆ ಮೊಣಕಾಲಿನ ಒಳಗೆ ಮರಳು ತುಂಬಿದ ಹಾಗೆ ಆಗುತ್ತೆ. ಮಾರನೇ ದಿನ ಇನ್ನೊಂದು ಏರು ಕಾದಿರುತ್ತೆ.

ಅಂಗಡಿಯವರನ್ನು ಕೇಳಿದರೆ ‘ಪ್ರಾಕ್ಟೀಸ್ ಮಾಡಿ ಸಾರ್’ ಅಂದರು. ಸಿಟ್ಟು ಬಂತು. ಕಾಲು ಗಟ್ಟಿ ಮಾಡಿಕೊಳ್ಳೋಣ, ಬೇಡ ಅನ್ನಲ್ಲ. ಆದರೆ ಇಡೀ ದಿನದ ಏರಿಗೆ ಗೇರ್ ಕೊಡುವುದು ಸೈಕಲ್ ಮಾಡುವವರ ಕೆಲಸ ತಾನೆ?

ಕೊನೆಗೆ ಗುಜರಿ ಬುದ್ಧಿ ಓಡಿಸಿದೆ. ಮೌಂಟನ್ ಬೈಕ್‌ಗೆ ಹಾಕುವ 44-32-22ರ ಮೂರು ರಿಂಗಿನ ಹಳೇ ನಮೂನೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳು, ಹಲ್ಲಿನ ರಿಂಗ್‌ಗಳ ಜೋಡಣೆ) ತಂದೆ. ಹಿಂದೆ 11-34. ಆ ಕ್ರ್ಯಾಂಕ್‌ಗೆ ಉದ್ದ ಆ್ಯಕ್ಸಲ್ಲಿನ ಬಾಟಮ್ ಬ್ರ್ಯಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್) ಬೇಕು, ಚೈನನ್ನು ರಿಂಗಿನಿಂದ ರಿಂಗಿಗೆ ತಳ್ಳುವ ಮುಂದಿನ ಡಿರೇಲರ್ ಕೂಡ ಬದಲಿಸಬೇಕು. ಎಲ್ಲ ಸೇರಿ ಒಂದು ಒಳ್ಳೆ ಜಾಕೆಟ್‌ಗೆ ಕೊಡುವಷ್ಟು ದುಡ್ಡು ಹೋಯಿತು. ಆ ವರ್ಷ ಜಾಕೆಟ್ ತಗೊಳ್ಳಲಿಲ್ಲ, ಹಳೆಯದೇ ಆಯಿತು. ಇಲ್ಲಿ ಕಂಪನಿಗೆ ಒಂದು ಮಾರ್ಕ್ ಕೊಡಲೇಬೇಕು. ಹ್ಯಾಂಡಲ್ ತುದಿಯ ಎಡಗಡೆ ಲಿವರ್ ಕ್ಲಿಕ್ ಇಲ್ಲದ್ದು, ಬರೀ ಉಜ್ಜಾಟದ ಮೇಲೆ ನಿಲ್ಲುವಂಥದ್ದು. ಅದಕ್ಕೆ ಎರಡು ರಿಂಗೂ ಒಂದೇ, ಮೂರು ರಿಂಗೂ ಒಂದೇ. ಬ್ರೇಕ್ ಹಿಡಿಯಲ್ಲೇ ಗೇರ್ ಇರುವ ಈಗಿನ ರೋಡ್ ಬೈಕ್‌ಗಳಲ್ಲಿ ಈ ಬದಲಾವಣೆ ಇಷ್ಟು ಸಲೀಸಾಗಿ ಆಗುವುದಿಲ್ಲ.

ಈಗ ಮುಂದೆ 22, ಹಿಂದೆ 34ರಲ್ಲಿ ಪೆಡಲ್ ಸುತ್ತಿಗೆ 1.4 ಮೀಟರ್. 60 ಸುತ್ತಿಗೆ ಗಂಟೆಗೆ 5 ಕಿಲೋಮೀಟರ್. ನಡೆಯುವವರ ಜೊತೆ ಮಾತಾಡಿಕೊಂಡು ಹೋಗುವಷ್ಟು. ಹಳೆಯ 50ರ ರಿಂಗ್ ಒಂದು ದಿನವೂ ನೆನಪಾಗಲಿಲ್ಲ. ಇಳಿಜಾರಿನಲ್ಲಿ ಯಾರು ತುಳಿಯುತ್ತಾರೆ?

ಇಷ್ಟಕ್ಕೇ ಕತೆ ಮುಗಿಯಿತು ಅಂದುಕೊಂಡಿದ್ದೆ. ರಸ್ತೆ ಬೇರೆಯೇ ಹೇಳಿತು. ಗಂಟೆಗೆ 5 ಕಿಲೋಮೀಟರಿನಲ್ಲಿ ಸೈಕಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ. ಮುಂದಿನ ಚಕ್ರ ಆ ಕಡೆ ಅರ್ಧ ಅಡಿ, ಈ ಕಡೆ ಅರ್ಧ ಅಡಿ ಓಲಾಡುತ್ತೆ. ಪಕ್ಕದಲ್ಲೇ ಟ್ರಕ್ ಹಾರನ್ ಹೊಡೆಯುತ್ತಿದ್ದರೆ ಆ ಅರ್ಧ ಅಡಿಗೆ ಜಾಗ ಎಲ್ಲಿ? ಗಾಬರಿಯಲ್ಲಿ ಜೋರಾಗಿ ತುಳಿಯುತ್ತೀರಿ, ಉಸಿರು ಹೋಗುತ್ತೆ, ಕಾಲು ಕೆಳಗಿಡುತ್ತೀರಿ. ಮನಾಲಿ–ಲೇಹ್ ರಸ್ತೆಯಲ್ಲಿ ಸೇನೆಯ ಗಾಡಿಗಳ ಸಾಲು ಬಂದಾಗ ನನಗೆ ಆದದ್ದು ಇದೇ. ಈ ಗೇರ್‌ಗೆ ಖಾಲಿ ರಸ್ತೆ ಬೇಕೇ ಬೇಕು.

ಅದಕ್ಕೇ ಈಗ ರೋಹ್ತಾಂಗ್ ಮೇಲೆ ಪ್ರೀತಿ ಜಾಸ್ತಿಯಾಗಿದೆ. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಪಾಸ್ ಆಚೆಯ ಲಾಹೌಲ್, ಲೇಹ್ ಕಡೆ ಹೋಗುವ ಗಾಡಿಗಳೆಲ್ಲ ಆ 9 ಕಿಲೋಮೀಟರಿನ ಸುರಂಗದೊಳಗೆ ನುಗ್ಗುತ್ತವೆ. ಮೇಲಿನ ಹಳೇ ರಸ್ತೆಗೆ ಬರುವವರು ಹಿಮ ನೋಡಲು ಬರುವ ಪ್ರವಾಸಿಗರಷ್ಟೇ. ಅವರಿಗೂ ದಿನಕ್ಕೆ ಇಂತಿಷ್ಟೇ ಗಾಡಿ ಅಂತ ಪರ್ಮಿಟ್ ಇದೆ. ಮಂಗಳವಾರ ದುರಸ್ತಿಗೆಂದು ಅದೂ ಇಲ್ಲ. ಬೇರೆ ದಿನ ಆದರೆ ಏರುದಾರಿಯಲ್ಲಿ ಸಿಗುವ ಮಢಿಯಿಂದ ಕತ್ತಲಿರುವಾಗಲೇ ಹೊರಡಿ. ತುದಿ ದಾಟಿ ಆಚೆ ಬದಿಯ ಗ್ರಾಂಫೂ ಕಡೆ ಇಳಿದರೆ ಇನ್ನೂ ಮಜಾ, ಪ್ರವಾಸಿಗರಲ್ಲಿ ಹೆಚ್ಚಿನವರು ತುದಿಯಿಂದಲೇ ವಾಪಸ್. ಆ ಇಳಿಜಾರಿನಲ್ಲಿ ನನ್ನ ಬ್ರೇಕ್ ಪ್ಯಾಡಿನ ಕಿರುಗುಟ್ಟುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಗ್ರಾಂಫೂನಲ್ಲಿ ಬಲಕ್ಕೆ ತಿರುಗಿದರೆ ಸ್ಪಿತಿ ಕಣಿವೆಯ ದಾರಿ. ಚಂದ್ರಾ ನದಿಯ ಪಕ್ಕದಲ್ಲೇ ಛತ್ರು, ಬಾತಲ್. ಇಲ್ಲಿ ಡಾಂಬರು ಮರೆತುಬಿಡಿ. ನದಿಯಲ್ಲಿ ಸಿಗುವಂಥ ಗುಂಡುಕಲ್ಲುಗಳೇ ರಸ್ತೆ. ಅಡ್ಡ ಹರಿಯುವ ನಾಲಾಗಳು ಬೇರೆ. ಬೆಳಗ್ಗೆ ಪಾದ ನೆನೆಯುವಷ್ಟು ನೀರು. ಬಿಸಿಲೇರಿ ಮೇಲೆ ಹಿಮ ಕರಗಿದರೆ ಮಧ್ಯಾಹ್ನ ಅದೇ ನಾಲಾ ಮೊಣಕಾಲು ಮುಟ್ಟುತ್ತದೆ. ಎಂಟರೊಳಗೆ ದಾಟುವುದು ನನ್ನ ನಿಯಮ. 22ರ ರಿಂಗ್ ಇಲ್ಲಿ ಇನ್ನೊಂದು ಉಪಕಾರ ಮಾಡಿತು. ನೀರಿನೊಳಗಿನ ಕಲ್ಲಿಗೆ ಚಕ್ರ ತಾಗಿದರೂ ಪೆಡಲ್ ನಿಲ್ಲುವುದಿಲ್ಲ, ನಿಧಾನಕ್ಕೆ ಹತ್ತಿ ಇಳಿಯುತ್ತದೆ. ಅರ್ಧದಷ್ಟು ನಾಲಾ ಶೂ ಬಿಚ್ಚದೆ ದಾಟಿದೆ.

ಬಾತಲ್‌ನ ಧಾಬಾದಲ್ಲಿ ರಾಜ್ಮಾ ಅನ್ನ. ಆ ಎತ್ತರದಲ್ಲಿ ನೀರು 87 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ರಾಜ್ಮಾ ಬೇಯುವುದಿಲ್ಲ. ಹೊರಗೆ ಕೂತವರೆಲ್ಲ ವಿಷಲ್ ಎಣಿಸುತ್ತಾ ಇರುತ್ತಾರೆ. ಅಲ್ಲಿಂದ ಕುಂಜುಮ್ ಪಾಸ್‌ಗೆ ತಿರುವುಗಳ ಮೇಲೆ ತಿರುವು. ಸುಮಾರು 4,550 ಮೀಟರಿನ ತುದಿಯಲ್ಲಿ ಕುಂಜುಮ್ ಮಾತೆಯ ಗುಡಿ, ಬಣ್ಣಬಣ್ಣದ ಬಾವುಟ. ಬರುವ ಗಾಡಿಗಳು ಗುಡಿಗೆ ಒಂದು ಸುತ್ತು ಹಾಕಿಯೇ ಮುಂದೆ ಹೋಗುವುದು. ನಾನೂ ಸುತ್ತು ಹಾಕಿದೆ, ಅದೂ 22ರಲ್ಲೇ!

ಇನ್ನು ನನ್ನ ಸಂಜೆಯ ಕೆಲಸ. ಟೆಂಟ್ ಹಾಕುವ ಮೊದಲೇ, ಬೆಳಕಿರುವಾಗಲೇ, ಸೈಕಲನ್ನು ಕಲ್ಲಿಗೆ ಒರಗಿಸಿ ಕ್ಯಾರಿಯರ್ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತೇನೆ. ಕೈಯಲ್ಲಿ 4 ಎಂಎಂ ಅಲೆನ್ ಕೀ, ಬೋಲ್ಟ್ ಬಿಗಿಸುವ ಆರು ಮೂಲೆಯ ಕಡ್ಡಿ. ಮೊದಲು ಕೆಳಗಿನ ಬೋಲ್ಟ್‌ಗಳು, ಆಮೇಲೆ ಮೇಲಿನವು. ಇಡೀ ದಿನ ಕುಲುಕಿದ ಮೇಲೆ ಯಾವುದಾದರೂ ಒಂದು ಬೋಲ್ಟ್ ಕಾಲು ಸುತ್ತು ಸಡಿಲ ಆಗಿರುತ್ತೆ, ಹೆಚ್ಚಾಗಿ ಚೈನ್ ಕಡೆಯ ಕೆಳಗಿನದು. ಆಮೇಲೆ ಹಳೇ ಬನಿಯನ್ ತುಂಡಿನಲ್ಲಿ ಚೈನ್ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುವುದು. ಬಟ್ಟೆ ಮೇಲೆ ಕಪ್ಪು ಗೆರೆ, ಅದರೊಳಗೆ ಸ್ಪಿತಿಯ ಬೂದು ಪುಡಿ. ಗೆರೆ ತಿಳಿಯಾಗುವ ತನಕ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ. ಬೆಳಗ್ಗೆ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಬೇಕು, ಇಲ್ಲದಿದ್ದರೆ ಹೆಚ್ಚಾದ ಎಣ್ಣೆ ಧೂಳೆಲ್ಲ ಹಿಡಿದು ಹಲ್ಲು ಸವೆಸುತ್ತೆ. ನಿಜ ಹೇಳಬೇಕೆಂದರೆ ಇಡೀ ಪ್ರವಾಸದಲ್ಲಿ ನನಗೆ ಇಷ್ಟವಾದ ಹೊತ್ತು ಇದೇ. ಕೈ ಕಪ್ಪಾಗಿರುವುದರಿಂದ ಫೋನ್ ಮುಟ್ಟುವ ಹಾಗಿಲ್ಲ.

ಹೊಸ ಜೋಡಣೆಯಲ್ಲೂ ಒಂದು ಕಿರಿಕಿರಿ ಉಳಿದಿದೆ. ಏರು ಶುರುವಾದ ಮೇಲೆ ಲಿವರ್ ಎಳೆದರೆ ಚೈನ್ 32ರಿಂದ 22ಕ್ಕೆ ಬೀಳುವುದಿಲ್ಲ. ಜೋರಾಗಿ ಎಳೆದರೆ 22ನ್ನೂ ದಾಟಿ ಫ್ರೇಮ್ ಕಡೆ ಬಿದ್ದು ಸಿಕ್ಕಿಕೊಳ್ಳುತ್ತೆ. ಸೀಟಿನ ಕೆಳಗಿನ ಫ್ರೇಮ್ ಕೊಳವೆಗೆ ಹಾಕುವ ಸಣ್ಣ ಪ್ಲಾಸ್ಟಿಕ್ ಚೈನ್ ತಡೆ ಸಿಗುತ್ತೆ, ಹಾಕಿಸಿಕೊಳ್ಳಿ. ಆಮೇಲೆ ತಿರುವಿಗೆ ಹತ್ತು ಮಾರು ಮೊದಲೇ ಪೆಡಲ್ ಹಗುರ ಮಾಡಿ ಗೇರ್ ಇಳಿಸಿ.

ಬ್ರೇಕ್ ಪ್ಯಾಡ್ ನಾಲಾ ನೀರು, ಮರಳು ಸೇರಿ ಬೇಗ ಸವೆಯುತ್ತವೆ. ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ, ಮನಾಲಿ ದಾಟಿದ ಮೇಲೆ ಸಿಗುತ್ತೆ ಅಂತ ನಂಬಬೇಡಿ. ಇಡೀ ದಿನ ಸಾಮಾನು ಸಮೇತ ಏರು ತುಳಿಯುವವರು ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಹಲ್ಲು ಎಣಿಸಿ. ಹಿಂದಿನ ದೊಡ್ಡದು ಮುಂದಿನ ಚಿಕ್ಕದಕ್ಕಿಂತ ಹತ್ತು ಹಲ್ಲಾದರೂ ಜಾಸ್ತಿ ಇರಬೇಕು. ಇಲ್ಲದಿದ್ದರೆ ಕ್ರ್ಯಾಂಕ್ ಬದಲಿಸುವ ಖರ್ಚನ್ನು ಬೆಲೆಗೆ ಸೇರಿಸಿ ಚೌಕಾಸಿ ಮಾಡಿ. ಅಂಗಡಿಯವರು ಒಪ್ಪದಿದ್ದರೆ ಸೆಕೆಂಡ್ ಹ್ಯಾಂಡ್ ಸ್ಟೀಲ್ ಮೌಂಟನ್ ಬೈಕ್ ಹುಡುಕಿ, ಕ್ಯಾರಿಯರ್ ಹಾಕಿಸಿ. ಅರ್ಧ ದುಡ್ಡಿಗೆ ಇದೇ ಕೆಲಸ ಆಗುತ್ತೆ.