ಬಿಸಿಲಿಗೆ ಕೋಳಿಗೆ ಯಾವುದು? ವಿಟಮಿನ್ ಸಿ, ಇ–ಸೆಲೆನಿಯಂ, ನೆಲ್ಲಿ ಪುಡಿ ಮೂರನ್ನೂ ಕೊಟ್ಟು ನೋಡಿದೆ

ಏಪ್ರಿಲ್ ಬಂತೆಂದರೆ ನಮ್ಮ ಕೊಪ್ಪಳದ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕೋಳಿಗೆ ಬೆವರುವ ಗ್ರಂಥಿಯೇ ಇಲ್ಲ. ಬಾಯಿ ತೆರೆದು, ರೆಕ್ಕೆ ಅಗಲಿಸಿ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮಧ್ಯಾಹ್ನ ಎರಡು ಗಂಟೆಗೆ ಶೆಡ್ಡಿನಲ್ಲಿ ನಿಂತು ನೋಡಿದವರಿಗೆ ಆ ಸಂಕಟ ಗೊತ್ತು.

ಹೋದ ಬೇಸಿಗೆಯಲ್ಲಿ 600 ಮೊಟ್ಟೆ ಕೋಳಿಗಳನ್ನು ಮೂರು ಪಾಲು ಮಾಡಿದೆ. ಶೆಡ್, ಫೀಡ್, ಮಂಜಿನಂತೆ ನೀರು ಚಿಮುಕಿಸುವ ಫಾಗರ್ ಎಲ್ಲ ಒಂದೇ. ಏನೂ ಕೊಡದ ಪಾಲು ಇಡಲಿಲ್ಲ. ಆ ಬಿಸಿಲಲ್ಲಿ ಹಾಗೇ ಬಿಡಲು ಮನಸ್ಸು ಬರಲಿಲ್ಲ.

ಮೊದಲ ಪಾಲಿಗೆ ವಿಟಮಿನ್ ಸಿ. ಕೋಳಿ ಇದನ್ನು ತನ್ನ ಮೂತ್ರಪಿಂಡದಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ, ಆದರೆ ಬಿಸಿಲು ಜಾಸ್ತಿಯಾದಾಗ ಅಷ್ಟು ಸಾಲುವುದಿಲ್ಲ. ಶುರುವಿನಲ್ಲಿ ಒಂದು ತಪ್ಪು ಮಾಡಿದೆ. ಬ್ಲೀಚಿಂಗ್ ಪೌಡರ್ ಹಾಕಿದ ಟ್ಯಾಂಕಿಗೇ ಬೆಳಿಗ್ಗೆ ಆರಕ್ಕೆ ಪುಡಿ ಕಲಸುತ್ತಿದ್ದೆ. ಕ್ಲೋರಿನ್ ಇದ್ದರೆ ವಿಟಮಿನ್ ಸಿ ಕೆಟ್ಟುಹೋಗುತ್ತದೆ. ಒಂದು ವಾರದ ಪುಡಿ ಸುಮ್ನೆ ಹಾಳಾಯಿತು. ಆಮೇಲೆ ಬರೀ ಬೋರ್‌ವೆಲ್ ನೀರಿಗೆ, ಹತ್ತು ಗಂಟೆ ಹೊತ್ತಿಗೆ, ಎರಡು ಮೂರು ತಾಸಿನಲ್ಲಿ ಖಾಲಿಯಾಗುವಷ್ಟೇ ಕಲಸಿದೆ. ಎರಡು ಮೂರು ದಿನದಲ್ಲೇ ವ್ಯತ್ಯಾಸ ಕಂಡಿತು. ಏದುಸಿರು ತಡವಾಗಿ ಶುರುವಾಗುತ್ತಿತ್ತು, ಸಂಜೆ ಬೇಗ ಮೇವಿಗೆ ಬರುತ್ತಿದ್ದವು.

ಎರಡನೆಯದು ವಿಟಮಿನ್ ಇ ಮತ್ತು ಸೆಲೆನಿಯಂ ಎಂಬ ಖನಿಜ. ಇದರ ಕೆಲಸ ನಿಧಾನ. ವಿಟಮಿನ್ ಇ ಕೊಬ್ಬಿನಲ್ಲಿ ಕರಗಿ ಜೀವಕೋಶದ ಪೊರೆಯಲ್ಲಿ ಕೂತು ಅದನ್ನು ಕಾಪಾಡುತ್ತದೆ. ಬಿಸಿಲು ಬಂದ ಮೇಲೆ ಕೊಟ್ಟರೆ ತಡವಾಯಿತು ಅಂತಲೇ ಲೆಕ್ಕ. ನಾನು ಮಾರ್ಚ್ ಮೊದಲ ವಾರದಿಂದ ಕೆಜಿ ಫೀಡಿಗೆ 250 ಮಿಲಿಗ್ರಾಂ ವಿಟಮಿನ್ ಇ ಹಾಕಿದೆ. ಏಪ್ರಿಲ್‌ನಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಮೇ ತಿಂಗಳಲ್ಲಿ ಉಳಿದೆರಡು ಪಾಲಿನ ಮೊಟ್ಟೆ ಇಳಿದಾಗ ಈ ಪಾಲು ಗಟ್ಟಿಯಾಗಿ ನಿಂತಿತು. ಖರ್ಚು ಮಾತ್ರ ಮೂರರಲ್ಲಿ ಇದಕ್ಕೇ ಜಾಸ್ತಿ. ಸೆಲೆನಿಯಂ ವಿಷಯದಲ್ಲಿ ದಯವಿಟ್ಟು ಹುಷಾರಾಗಿರಿ. ಬೇಕಾದದ್ದು ಚೂರೇ ಚೂರು, ಹೆಚ್ಚಾದರೆ ವಿಷ. ಫೀಡಿಗೆ ಬೆರೆಸುವ ವಿಟಮಿನ್–ಖನಿಜದ ಸಿದ್ಧ ಮಿಶ್ರಣ, ಅಂದರೆ ಪ್ರೀಮಿಕ್ಸ್‌ನಲ್ಲಿ ಆಗಲೇ ಇರುತ್ತದೆ. ಚೀಲದ ಮೇಲಿನ ಚೀಟಿಯನ್ನು ಪಶುವೈದ್ಯರಿಗೆ ತೋರಿಸಿಯೇ ಹಾಕಿ.

ನೆಲ್ಲಿ ಪುಡಿಯ ಮೇಲೆ ನನಗೆ ಆಸೆ ಹೆಚ್ಚಿತ್ತು, ಹೊಲದಲ್ಲೇ ಮರ ಇದೆಯಲ್ವಾ. ನೆರಳಲ್ಲಿ ಒಣಗಿಸಿ ಕೆಜಿ ಫೀಡಿಗೆ 5 ಗ್ರಾಂ ಬೆರೆಸಿದೆ. ಕೋಳಿಗಳು ಕಾಳು ಹೆಕ್ಕಿ ತಿಂದು ಪುಡಿಯನ್ನು ತಳದಲ್ಲೇ ಬಿಟ್ಟವು. ಸ್ವಲ್ಪ ನೀರು ಚಿಮುಕಿಸಿದ ಮೇಲೆ ತಿಂದವು. ಗುಣ ಸ್ವಲ್ಪ ಕಂಡಿತು, ಆದರೆ ಒಂದೊಂದು ಸಲದ ಪುಡಿ ಒಂದೊಂದು ಥರ. ಹಿತ್ತಲಿನ ಇಪ್ಪತ್ತು ನಾಟಿ ಕೋಳಿಗಾದರೆ ಇದೇ ಸಾಕು.

ತೆಳು ಚಿಪ್ಪಿನ ತೊಂದರೆಗೆ ಮಾತ್ರ ಮೂರೂ ಅಷ್ಟಾಗಿ ಸಹಾಯ ಮಾಡಲಿಲ್ಲ. ಏದುಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಚಿಪ್ಪಿಗೆ ಬೇಕಾದ ಬೈಕಾರ್ಬನೇಟ್ ಕಡಿಮೆಯಾಗುತ್ತದೆ. ಮೇವೂ ಕಡಿಮೆ ತಿನ್ನುವುದರಿಂದ ಸುಣ್ಣ ಸಾಲುವುದಿಲ್ಲ. ಅದಕ್ಕೆ ಅಡುಗೆ ಸೋಡಾ ಮತ್ತು ಸಂಜೆ ಹೊತ್ತು ಹಾಕುವ ಕಪ್ಪೆಚಿಪ್ಪಿನ ನುಚ್ಚೇ ಬೇಕಾಯಿತು.

ಈ ವರ್ಷ ಫೆಬ್ರವರಿ ಕೊನೆಯಿಂದಲೇ ಎಲ್ಲ ಕೋಳಿಗೂ ಇ ಶುರು ಮಾಡಿದ್ದೇನೆ. ಖರ್ಚಾದ ವಿಟಮಿನ್ ಇ ಮತ್ತೆ ಚೇತರಿಸಿಕೊಳ್ಳಲು ಸಿ ನೆರವಾಗುತ್ತದೆ. ಹಾಗಾಗಿ ಸಿ ಡಬ್ಬಿಯೂ ತಂಪು ಕತ್ತಲೆಯಲ್ಲಿ ಸಿದ್ಧವಾಗಿದೆ. ಬಿಸಿಲು 38 ದಾಟಿದ ದಿನ ತೆಗೆಯುತ್ತೇನೆ.