ಮನೆ ಡಾಕ್ಟರ್ ಅಂತ ನಂಬಿ ಓದದೆ ಸಹಿ ಹಾಕಿದೆ, ನೀವು ಹಾಕಬೇಡಿ

ಮೊದಲೇ ಹೇಳಿಬಿಡುತ್ತೇನೆ. ಫ್ಯಾಮಿಲಿ ಡಾಕ್ಟರಿಂದ ತಪ್ಪಾಗಿದೆ, ಕೇಸ್ ಹಾಕಬೇಕು ಅಂತ ನಿಮಗೆ ಅನಿಸಿದ್ದರೆ, ಅವರ ಎದುರು ಹೋಗಿ ಕೂಗಾಡುವ ಮೊದಲು ಎಲ್ಲಾ ಕಾಗದ ನಿಮ್ಮ ಕೈಗೆ ಬಂದಿರಲಿ. ಅವರು ಮುಂದಿಟ್ಟ ಯಾವ ಹಾಳೆಗೂ ಓದದೆ ಸಹಿ ಹಾಕಬೇಡಿ. ನಾನು ಎರಡನ್ನೂ ಉಲ್ಟಾ ಮಾಡಿದೆ. ದಿನಾ ಆಫೀಸಿನಲ್ಲಿ ಕಾಗದಪತ್ರದ ಕೆಲಸವನ್ನೇ ಮಾಡುವವಳು ನಾನು. ಬರೆಯುವುದಕ್ಕೇ ನಾಚಿಕೆ ಆಗುತ್ತಿದೆ.

ಅಪ್ಪನಿಗೆ 67 ವರ್ಷ. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 11.6 ಇತ್ತು. ಗಂಡಸರಿಗೆ 13ಕ್ಕಿಂತ ಕಡಿಮೆ ಬಂದರೆ ರಕ್ತಹೀನತೆ ಅಂತಲೇ ಲೆಕ್ಕ. ಡಾಕ್ಟರು ರಿಪೋರ್ಟ್ ಮೇಲೆ ಕಣ್ಣಾಡಿಸಿ ಐರನ್ ಮಾತ್ರೆ ಬರೆದರು. ಮೂರು ತಿಂಗಳು ಬಿಟ್ಟು ನೋಡಿದರೆ 10.4. "ಮಾತ್ರೆ ಸರಿಯಾಗಿ ತಗೊಂಡಿಲ್ಲ ಇವರು" ಅಂದರು. ಅಪ್ಪ ಒಂದು ದಿನವೂ ತಪ್ಪಿಸಿರಲಿಲ್ಲ. ಮಲದ ಜೊತೆ ರಕ್ತ ಬೆರೆತು ಬರುತ್ತದೆ ಅಂತ ಅಪ್ಪ ಸಂಕೋಚ ಬಿಟ್ಟು ಹೇಳಿದರು. ಡಾಕ್ಟರು ಪೈಲ್ಸ್ ಅಂದರು. ಮಲಗಿಸಿ ಪರೀಕ್ಷೆ ಮಾಡಲಿಲ್ಲ. ಕುರ್ಚಿಯಲ್ಲಿ ಕೂತೇ ಪೈಲ್ಸ್ ಅಂದರು, ಮುಲಾಮು ಬರೆದರು. ಮಲ ಕಪ್ಪಗಾಗುತ್ತಿದೆ ಅಂದಾಗ "ಐರನ್ ಮಾತ್ರೆಗೆ ಹಾಗಾಗುತ್ತೆ" ಅಂದರು. ಐರನ್ ಮಾತ್ರೆಗೆ ಹಾಗಾಗುವುದು ನಿಜವೇ. ಅದಕ್ಕೇ ನಾವೂ ಸುಮ್ಮನಾದೆವು.

ಬೇರೆ ಕಡೆ ತೋರಿಸೋಣವಾ ಅಂತ ಅಪ್ಪ ಒಮ್ಮೆ ಕೇಳಿದ್ದರು. "ಇಷ್ಟು ವರ್ಷ ನೋಡಿದವರು, ಅವರಿಗೆ ಗೊತ್ತಿರಲ್ವಾ" ಅಂತ ಅವರ ಬಾಯಿ ಮುಚ್ಚಿಸಿದವಳು ನಾನೇ.

ಒಂಬತ್ತನೇ ತಿಂಗಳಿಗೆ 8.1. ಅಪ್ಪ ಬಚ್ಚಲಲ್ಲಿ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಿದರು. ದೊಡ್ಡ ಕರುಳಿನಲ್ಲಿ ಗಡ್ಡೆ. ಕ್ಯಾನ್ಸರ್, ಮೂರನೇ ಹಂತ, ಪಕ್ಕದ ಲಿಂಫ್ ಗ್ರಂಥಿಗಳಿಗೂ ಹೋಗಿತ್ತು. ಅಲ್ಲಿನ ಡಾಕ್ಟರು ಹಳೇ ರಿಪೋರ್ಟ್‌ಗಳನ್ನು ನೋಡಿ ಕೇಳಿದ್ದು ಒಂದೇ ಮಾತು. "ಈ ವಯಸ್ಸಿನ ಗಂಡಸಿಗೆ ಐರನ್ ಕಡಿಮೆ ಅಂದರೆ ಕರುಳಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ನೋಡಬೇಕಲ್ಲ, ಯಾರೂ ಹೇಳಲಿಲ್ವಾ?"

ಯಾರೂ ಹೇಳಲಿಲ್ಲ. ಒಂಬತ್ತು ತಿಂಗಳು ಯಾರೂ ಹೇಳಲಿಲ್ಲ.

ಆಪರೇಷನ್ ಮುಗಿದ ಮೇಲೆ ನಾನು ನೇರ ನಮ್ಮ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಅದೇ ನಾನು ಮಾಡಿದ ಮೊದಲ ಪೆದ್ದುತನ. ಕಾಗದ ತರಿಸಿಕೊಳ್ಳುವ ಮೊದಲೇ ಬಾಯಿ ಬಿಟ್ಟೆ. "ಹೀಗಾಗಿದೆ ಡಾಕ್ಟ್ರೇ, ನೀವು ಯಾಕೆ ಕೊಲೊನೊಸ್ಕೋಪಿ ಮಾಡಿಸಿ ಅನ್ನಲಿಲ್ಲ?" ಅಂತ ಅಳುತ್ತಾ ಕೇಳಿದೆ. ಅವರು ನೀರು ಕೊಟ್ಟರು. "ಏನಮ್ಮಾ, ನನ್ನ ಮೇಲೆ ನಿನಗೆ ಅನುಮಾನವಾ? ನೀನು ಜ್ವರ ಬಂದು ಮಲಗಿದ್ದಾಗ ರಾತ್ರಿ ಎದ್ದು ಬಂದವನು ನಾನು" ಅಂದರು. ಅದೂ ನಿಜ. ನನಗೇ ಪಾಪ ಅನಿಸಿತು. ಆದರೂ ಅಪ್ಪನ ಫೈಲಿನ ಪ್ರತಿ ಬೇಕು ಅಂದೆ. ಅಷ್ಟೇ ನೋಡಿ. "ನೋಡಿ ಮೇಡಂ, ಅದಕ್ಕೆ ಎರಡು ದಿನ ಆಗುತ್ತೆ" ಅಂದರು. ಹುಟ್ಟಿದಾಗಿನಿಂದ ನನ್ನನ್ನು ನೀನು, ಏನಮ್ಮಾ ಅಂದವರು ಒಂದೇ ಉಸಿರಲ್ಲಿ ಮೇಡಂ ಅಂದರು. ಅಲ್ಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಎರಡು ದಿನ ಅಂದವರು ಎರಡು ವಾರ ಸುತ್ತಿಸಿದರು. ಒಮ್ಮೆ ರಿಸೆಪ್ಷನಿಸ್ಟ್ ರಜೆ. ಒಮ್ಮೆ ಜೆರಾಕ್ಸ್ ಮೆಷಿನ್ ಕೆಟ್ಟಿದೆ. ಒಮ್ಮೆ "ಆಸ್ಪತ್ರೆಯವರ ಹತ್ತಿರ ಎಲ್ಲಾ ಇದೆಯಲ್ಲ, ನಮ್ಮದು ಯಾಕೆ ಬೇಕು?" ಕೊನೆಗೆ ಕೊಟ್ಟರು. ಪುಸ್ತಕವೊಂದನ್ನು ತೆರೆದು "ಪ್ರತಿ ತಗೊಂಡಿದ್ದಕ್ಕೆ ಇಲ್ಲೊಂದು ಸಹಿ" ಅಂದರು. ಹಾಕಿದೆ. ಕೊರಿಯರ್ ಹುಡುಗ ಕೇಳಿದಾಗ ಹಾಕುತ್ತೇವಲ್ಲ, ಹಾಗೆ. ಯಾಕೋ ಹೊರಡುವಾಗ ಆ ಪುಟದ ಫೋಟೋ ಹೊಡೆದುಕೊಂಡೆ. ನಾನು ಮಾಡಿದ ಒಂದೇ ಒಳ್ಳೆ ಕೆಲಸ ಅದು.

ಮನೆಗೆ ಬಂದು ಓದಿದೆ. ಎರಡನೇ ಭೇಟಿಯ ದಿನದ ಬರಹದ ಕೆಳಗೆ, ಪುಟದ ಅಂಚಿಗೆ ಒತ್ತಿ ಬರೆದ ಒಂದು ಸಾಲು: "ಕೊಲೊನೊಸ್ಕೋಪಿಗೆ ಸಲಹೆ ನೀಡಲಾಗಿದೆ, ರೋಗಿ ನಿರಾಕರಿಸಿದ್ದಾರೆ." ಆ ದಿನ ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು ನಾನು! ಆ ಶಬ್ದವೇ ಅಲ್ಲಿ ಬಂದಿರಲಿಲ್ಲ. ಮೂರು ಸಲ ಓದಿದೆ. ಕೈ ನಡುಗುತ್ತಿತ್ತು. ಆಮೇಲೆ ಫೋನಿನಲ್ಲಿದ್ದ ಫೋಟೋ ತೆಗೆದು ನೋಡಿದೆ. ನಾನು ಸಹಿ ಹಾಕಿದ ಜಾಗದ ಮೇಲೆ ಹೀಗಿತ್ತು: "ದಾಖಲೆಗಳ ಪೂರ್ಣ ಪ್ರತಿ ಪಡೆದಿದ್ದೇನೆ. ಚಿಕಿತ್ಸೆಯ ಬಗ್ಗೆ ಯಾವುದೇ ದೂರು ಇರುವುದಿಲ್ಲ." ಕೆಳಗೆ ನನ್ನದೇ ಚೆಂದದ ಸಹಿ.

ಫೋನ್ ಮಾಡಿದೆ. "ಅಪ್ಪನಿಗೆ ಮರೆವು ಜಾಸ್ತಿ ಮೇಡಂ, ನಾನು ಹೇಳಿದ್ದು ಅವರಿಗೆ ನೆನಪಿರಲ್ಲ." ನಾನೂ ಅಲ್ಲೇ ಇದ್ದೆನಲ್ಲ ಅಂದೆ. "ನೀವು ಆಗ ಫೋನ್ ನೋಡುತ್ತಾ ಇದ್ರಿ." ಆ ಸಾಲು ಯಾವಾಗ ಬರೆದಿರಿ ಅಂದೆ. "ಅನುಮಾನ ಇದ್ದರೆ ಬೇರೆ ಡಾಕ್ಟರನ್ನು ನೋಡಿಕೊಳ್ಳಿ." ಇಟ್ಟುಬಿಟ್ಟರು.

ವಕೀಲರ ಹತ್ತಿರ ಹೋದಾಗ ಅವರು ನನ್ನ ಸಹಿ ನೋಡಿ ನಕ್ಕರು. ರೋಗಿ ಅಪ್ಪ, ಸಹಿ ಮಗಳದ್ದು, ಅಪ್ಪನ ದೂರು ಇದರಿಂದ ಸಾಯುವುದಿಲ್ಲ, ಆದರೆ ಆ ಕಡೆಯವರು ಇದನ್ನು ಎತ್ತಿ ತೋರಿಸದೆ ಬಿಡುವುದಿಲ್ಲ ಅಂದರು. ಔಷಧಿ ಅಂಗಡಿಗೆಂದು ಹೊಡೆದಿದ್ದ ಎರಡನೇ ಭೇಟಿಯ ದಿನದ ಚೀಟಿಯ ಫೋಟೋ ನನ್ನ ಹತ್ತಿರ ಇತ್ತು, ಐರನ್ ಮತ್ತು ಮುಲಾಮು ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಖುಷಿಯಿಂದ ತೋರಿಸಿದೆ. "ಚೀಟಿಯಲ್ಲಿ ಬರೆದಿಲ್ಲ ಅಂದ ಮಾತ್ರಕ್ಕೆ ಬಾಯಲ್ಲಿ ಹೇಳಿಲ್ಲ ಅಂತ ಆಗಲ್ಲಮ್ಮಾ. ಸಹಾಯ ಆಗುತ್ತೆ, ಅಷ್ಟೇ."

ಅವರು ಹೇಳಿದ್ದರಲ್ಲಿ ನನಗೆ ಚುಚ್ಚಿದ್ದು ಇನ್ನೊಂದಿದೆ. ತಪ್ಪಾಗಿದೆ ಅಂತ ತೋರಿಸಿದರೆ ಸಾಲದಂತೆ. ನಮ್ಮ ಡಾಕ್ಟರ ಜಾಗದಲ್ಲಿ ಬೇರೆ ಸಾಧಾರಣ ಡಾಕ್ಟರಿದ್ದರೂ ಹೀಗೆ ಮಾಡುತ್ತಿರಲಿಲ್ಲ ಅಂತ ಅದೇ ಕೆಲಸದ ಇನ್ನೊಬ್ಬ ಡಾಕ್ಟರು ಹೇಳಬೇಕು. ಅದಾದ ಮೇಲೆ, ಆ ತಡದಿಂದಲೇ ಹಾನಿ ಆಯಿತು ಅಂತಲೂ ತೋರಿಸಬೇಕು. ಒಂಬತ್ತು ತಿಂಗಳ ಹಿಂದೆ ಗಡ್ಡೆ ಯಾವ ಹಂತದಲ್ಲಿತ್ತು, ಆಗಲೇ ಹರಡಿತ್ತಾ? ಬಹಳ ಕೇಸ್‌ಗಳು ಬೀಳುವುದು ಇಲ್ಲೇ ಅಂದರು. ಚಿಕಿತ್ಸೆ ಫಲ ಕೊಡಲಿಲ್ಲ ಅಂದ ಮಾತ್ರಕ್ಕೆ ನಿರ್ಲಕ್ಷ್ಯ ಆಗುವುದಿಲ್ಲ ಅಂತಲೂ ಅಂದರು. ನ್ಯಾಯವೇ ಇರಬಹುದು, ಕೇಳುವುದಕ್ಕೆ ಕಷ್ಟ.

ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಕಾಗದ. ಪ್ರತಿ ಬೇಕು ಅಂತ ಬರವಣಿಗೆಯಲ್ಲಿ ಕೇಳಿ, ತಾರೀಕು ಹಾಕಿ. ಯಾಕೆ ಬೇಕು ಅಂತ ಕಥೆ ಹೇಳಬೇಡಿ. ಲ್ಯಾಬ್ ರಿಪೋರ್ಟ್‌ಗಳನ್ನು ಡಾಕ್ಟರ ಕೈಯಿಂದಲ್ಲ, ಲ್ಯಾಬಿನಿಂದಲೇ ತಗೊಳ್ಳಿ. ಯಾವ ದಿನ ಯಾರು ಏನಂದರು ಅಂತ ನೆನಪಿದ್ದಾಗಲೇ ಬರೆದಿಡಿ. ಕೇಸ್ ಹಾಕುವುದಕ್ಕೆ ಗಡುವು ಇರುತ್ತದೆ, ಅದು ಯಾವ ದಿನದಿಂದ ಶುರು ಅಂತ ವಕೀಲರನ್ನು ಮೊದಲೇ ಕೇಳಿಕೊಳ್ಳಿ. ನನ್ನ ಹಾಗೆ ಅಳುತ್ತಾ ವಾರಗಟ್ಟಲೆ ಕಳೆಯಬೇಡಿ. ಇನ್ನೊಂದು, ವೈದ್ಯರ ಮಂಡಳಿಗೆ ದೂರು ಕೊಡುವುದು ಬೇರೆ, ಪರಿಹಾರಕ್ಕೆ ಕೇಸ್ ಹಾಕುವುದು ಬೇರೆ. ನಾನು ಎರಡೂ ಒಂದೇ ಅಂದುಕೊಂಡಿದ್ದೆ.

ಈಗ ಲ್ಯಾಬಿನ ಪ್ರತಿಗಳು ಬಂದಿವೆ. ವಕೀಲರು ಇನ್ನೊಬ್ಬ ಡಾಕ್ಟರ ಅಭಿಪ್ರಾಯಕ್ಕೆ ಕಳಿಸಿದ್ದಾರೆ, ಅದು ಬಂದ ಮೇಲೆ ಕೇಸ್ ಹಾಕುವುದೋ ಬೇಡವೋ ಅಂತ ತೀರ್ಮಾನ. ಹಾಕುವುದಾದರೆ ಅಪ್ಪನ ಹೆಸರಲ್ಲೇ ಹಾಕಬೇಕು, ಅವರ ಸಹಿಯೇ ಬೇಕು. ಅಪ್ಪ ಇವತ್ತಿಗೂ ಅವರನ್ನು "ನಮ್ಮ ಡಾಕ್ಟ್ರು" ಅಂತಲೇ ಅನ್ನುತ್ತಾರೆ. "ಅವರಿಗೆ ಹೇಳಿದ್ಯಾ ಆಪರೇಷನ್ ಆಗಿದ್ದು?" ಅಂತ ನಿನ್ನೆ ಕೇಳಿದರು. ರೋಗಿ ನಿರಾಕರಿಸಿದ್ದಾರೆ ಅನ್ನುವ ಆ ಸಾಲನ್ನು ನಾನಿನ್ನೂ ಅವರಿಗೆ ತೋರಿಸಿಲ್ಲ.